ರಾತ್ರಿ ಮೂರು ಗಂಟೆಯ ಮಳೆ

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮಗೆ ಎರಡು ಎಕರೆ ಅಡಿಕೆ ತೋಟವಿದೆ. ಎಲೆಚುಕ್ಕಿ ರೋಗದಿಂದ ಹೋದ ವರ್ಷ ಫಸಲು ಇಳಿಯಿತು. ಈ ಸಲ ಪುಷ್ಯ ಮಳೆ ಬಿಡುವನ್ನೇ ಕೊಡದೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣವನ್ನು ಎರಡನೆಯ ಬಾರಿ ಹೊಡೆಸಲಾಗಿಲ್ಲ, ಮರ ಹತ್ತಿ ಹೊಡೆಯುವ ಕೊನೆಗಾರರೂ ಸಿಗುತ್ತಿಲ್ಲ. ಸಾಲ ಬೇರೆ ಇದೆ. ರಾತ್ರಿ ಮೂರಕ್ಕೆ ಹಂಚಿನ ಮೇಲಿನ ಮಳೆಯ ಸದ್ದಿಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಬೆಂಗಳೂರಿನಲ್ಲಿರುವ ಮಗಳು ‘ಮೈಂಡ್‌ಫುಲ್‌ನೆಸ್’ ಮಾಡು ಎಂದು ಮೊಬೈಲಿಗೆ ಆ್ಯಪ್ ಹಾಕಿಕೊಟ್ಟಿದ್ದಾಳೆ. ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಕೂತರೆ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಇದು ನನ್ನಂಥವರಿಗೆ ಒಗ್ಗುವುದಿಲ್ಲವೆ?
— ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮಗೆ ಒಗ್ಗದಿರುವುದು ಕಣ್ಣು ಮುಚ್ಚಿ ಕೂರುವ ಆ ಒಂದು ಕ್ರಮ ಮಾತ್ರ. ಎದೆಬಡಿತ ಏರಿರುವಾಗ ಕಣ್ಣು ಮುಚ್ಚಿ ಉಸಿರನ್ನೇ ಗಮನಿಸತೊಡಗಿದರೆ ಹೊರಗಿನ ಆಸರೆಗಳೆಲ್ಲ ತಪ್ಪಿ, ಗಮನ ಆ ಬಡಿತಕ್ಕೇ ಅಂಟಿಕೊಂಡು ಗಾಬರಿ ಹೆಚ್ಚುವುದು ಹಲವರ ಅನುಭವ. ಆ್ಯಪನ್ನು ಸದ್ಯಕ್ಕೆ ಬದಿಗಿಡಿ.

ಇರುವ ಗಳಿಗೆಯಲ್ಲೇ ಗಮನವಿಡುವ ಈ ಅಭ್ಯಾಸದ ಬೇರು ಬೌದ್ಧರು ಪಾಲಿಯಲ್ಲಿ ‘ಸತಿ’ ಎಂದು ಕರೆದ ಎಚ್ಚರದಲ್ಲಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಅವರು ಅದನ್ನು ರೋಗಿಗಳಿಗಾಗಿ 8 ವಾರಗಳ ತರಬೇತಿಯಾಗಿ ರೂಪಿಸಿದರು. ನಮ್ಮಲ್ಲಿ ಅದಕ್ಕೆ ‘ಸಾವಧಾನ’ ಎಂಬ ಒಳ್ಳೆಯ ಪದವಿದೆ. ಮಾತಿನ ಬಳಕೆಯಲ್ಲಿ ಅದು ‘ನಿಧಾನ’ ಎಂದಾಗಿಬಿಟ್ಟಿದ್ದರೂ, ಮದುವೆ ಮಂಟಪದಲ್ಲಿ ಅಂತರಪಟ ಹಿಡಿದು ‘ಸಾವಧಾನ’ ಎನ್ನುವ ಪುರೋಹಿತರು ಗಳಿಗೆ ಬಂದಿದೆ, ಗಮನವಿಲ್ಲೇ ಇರಲಿ ಎಂದು ಎಚ್ಚರಿಸುತ್ತಿರುತ್ತಾರೆ.

ಮನಸ್ಸು ಅಲೆಯುತ್ತದೆಂದು ಬೇಸರಪಡಬೇಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ನಡುವೆ ವಿಚಾರಿಸಿದಾಗ ಸುಮಾರು ಶೇಕಡಾ 47ರಷ್ಟು ಸಲ ಜನರ ಮನಸ್ಸು ಮಾಡುತ್ತಿದ್ದ ಕೆಲಸದ ಮೇಲೆ ಇರಲಿಲ್ಲ. ಹೋದದ್ದು ಗೊತ್ತಾಗಿ, ಬೈದುಕೊಳ್ಳದೆ ಮರಳುವುದೇ ಅಭ್ಯಾಸ. ಹತ್ತು ಸಲ ಹೋದರೆ ಹತ್ತು ಸಲ ಮರಳಿದರಾಯಿತು.

ಮರಳಲು ನಿಮಗೆ ಉಸಿರಿಗಿಂತ ಕೈಗಳೇ ವಾಸಿ ಎಂದು ನನಗನ್ನಿಸುತ್ತದೆ. ಬೋರ್ಡೋ ತಯಾರಿಸುವಷ್ಟು ಅನುಭವ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ: 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿದ ನೀರನ್ನು 1 ಕಿಲೋ ಸುಣ್ಣದ ತಿಳಿಗೆ ಹುಯ್ದು, ಒಟ್ಟು 100 ಲೀಟರ್ ಮಾಡಿ, ಹೊಳೆಯುವ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದೆಯೇ, ಸುಣ್ಣ ಇನ್ನೂ ಬೇಕೇ ಎಂದು ನೋಡುವ ಆ ಒಂದೆರಡು ನಿಮಿಷ ಸಾಲದ ನೆನಪು ಯಾರಿಗೂ ಬರುವುದಿಲ್ಲ. ನೀವು ಅರಸುತ್ತಿರುವ ಸ್ಥಿತಿ ಅದೇ. ಅದನ್ನು ದಿನಕ್ಕೆ ಎರಡು ಬಾರಿ ಬೇರೆ ಕೆಲಸಕ್ಕೆ ತನ್ನಿ. ಬೆಳಿಗ್ಗೆ ಬಚ್ಚಲೊಲೆಗೆ ಉರಿ ಹಾಕುವಾಗ ಕಟ್ಟಿಗೆಯ ಒದ್ದೆ, ಹೊಗೆಯ ಘಾಟು, ಅಂಗೈಗೆ ತಗಲುವ ಮೊದಲ ಕಾವನ್ನು ಗಮನಿಸಿ. ಪತ್ರೊಡೆ ಮಾಡುವ ದಿನವಾದರೆ ಕೆಸುವಿನೆಲೆಯ ನಾರು ತೆಗೆದು, ಹಿಟ್ಟು ಸವರಿ, ಒಂದರ ಮೇಲೊಂದಿಟ್ಟು ಸುತ್ತುವ ತನಕ ಗಮನ ಬೆರಳ ತುದಿಯಲ್ಲಿರಲಿ. ಐದು ನಿಮಿಷವಾದರೂ ಸಾಕು.

ರಾತ್ರಿಯ ವಿಷಯ ಬೇರೆ. ಮಳೆಯ ಸದ್ದನ್ನೇ ಆಲಿಸಿ ಎಂದು ಹಲವರು ಹೇಳಿಯಾರು. ಆ ಸದ್ದೇ ನಿಮ್ಮನ್ನು ತೋಟಕ್ಕೆ ಎಳೆದೊಯ್ಯುತ್ತಿರುವಾಗ ಅಲ್ಲಿಂದ ತೊಡಗುವುದು ಬೇಡ. ಎದ್ದು ಹಾಸಿಗೆಯ ಅಂಚಿನಲ್ಲಿ ಕೂತು, ಕಣ್ಣು ತೆರೆದೇ ಇಟ್ಟುಕೊಂಡು, ಅಂಗಾಲುಗಳನ್ನು ತಣ್ಣನೆಯ ನೆಲಕ್ಕೆ ಊರಿ. ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಹೊರಬಿಡಿ. ಉಸಿರು ಬಿಡುವಾಗ ವೇಗಸ್ ಎಂಬ ನರದ ಪ್ರಭಾವದಿಂದ ಹೃದಯದ ಬಡಿತ ಸಹಜವಾಗಿಯೇ ತುಸು ಇಳಿಯುತ್ತದೆ. ಕೆಲವು ವಾರಗಳ ನಂತರ, ಮನಸ್ಸು ಒಪ್ಪಿದರೆ ಮಾತ್ರ, ಹಂಚಿನ ಮೇಲೆ ಬೀಳುವ ಮಳೆ, ಸೂರಿನಿಂದ ಅಂಗಳಕ್ಕಿಳಿಯುವ ನೀರು, ಬಾಳೆ ಎಲೆಗೆ ಬಡಿಯುವ ಹನಿ, ಇವುಗಳನ್ನು ಬೇರೆಬೇರೆಯಾಗಿ ಗುರುತಿಸಲು ನೋಡಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಸಾವಧಾನದಿಂದ ಕೊಳೆರೋಗ ನಿಲ್ಲುವುದಿಲ್ಲ, ಸಾಲದ ಕಂತೂ ಮುಂದೆ ಹೋಗುವುದಿಲ್ಲ. ಆದ್ದರಿಂದ ತಲೆದಿಂಬಿನ ಬಳಿ ಕಾಗದವಿಟ್ಟು, ಬೆಳಗಾದ ಮೇಲೆ ಮಾಡಬಹುದಾದ್ದನ್ನು ಬರೆದಿಡಿ: ಪಕ್ಕದೂರಿನ ಕೊನೆಗಾರರಿಗೆ ಫೋನ್ ಮಾಡುವುದು, ಸಾಲದ ವಾಯಿದೆ ವಿಚಾರಿಸುವುದು. ಹಾಗೆ ಬರೆಯಲು ಬಾರದ ಚಿಂತೆ ಬಂದಾಗ ಅಂಗಾಲಿಗೆ ಮರಳಿ.

ನಿದ್ದೆಗೇಡು ಎರಡು ವಾರ ಮೀರಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನ್ನಿಸಿದರೆ ಅಭ್ಯಾಸವನ್ನು ನಂಬಿ ಕಾಯಬೇಡಿ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು; ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರೂ ಇದ್ದಾರೆ.

ನಿಮ್ಮ ಪತ್ರದಲ್ಲಿ ಮನೆಯವರ ಬಗ್ಗೆ ಒಂದು ಮಾತೂ ಇಲ್ಲ. ಮೂರು ಗಂಟೆಯ ಮಳೆಗೆ ಅವರೂ ಕಣ್ಣು ಬಿಟ್ಟುಕೊಂಡೇ ಮಲಗಿರಬಹುದು. ನಾಳೆ ಬಚ್ಚಲೊಲೆಯ ಮುಂದೆ ಅವರನ್ನೂ ಕೂರಿಸಿಕೊಂಡು, ‘ರಾತ್ರಿ ನಿಮಗೆ ನಿದ್ದೆ ಬಂತಾ?’ ಎಂದು ಕೇಳಿ ನೋಡಿ.