ಆ ಮುದುಕ ಸುಮ್ಮನಿರಬೇಕಿತ್ತಾ?

ಹೋದ ಸಂಚಿಕೆಯಲ್ಲಿ ರೋಗಿಯನ್ನು ಮಾತಾಡಿಸುತ್ತಾ ಮನಸ್ಸಿನ ಆಳ ಹುಡುಕುವ ಮನೋವಿಶ್ಲೇಷಣೆಯನ್ನು ಶುರುಮಾಡಿದ, ಆಸ್ಟ್ರಿಯಾದ ವಿಯೆನ್ನಾದ ಯಹೂದಿ ವೈದ್ಯ ಸಿಗ್ಮಂಡ್ ಫ್ರಾಯ್ಡನ ಲಂಡನ್ ದಿನಗಳ ಬಗ್ಗೆ ಲೇಖನ ಹಾಕಿದ್ದೆವು. ಅದನ್ನು ಓದಿ ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅದರ ಸಾರ ಇಷ್ಟು: ‘82 ವರ್ಷದ ಮುದುಕ. ಬಾಯಲ್ಲಿ ಕ್ಯಾನ್ಸರ್. ಹಿಟ್ಲರ್ ಯಹೂದಿಗಳನ್ನು ಅಟ್ಟಾಡಿಸಿ ಹೊಡೆಯುತ್ತಿದ್ದ ಹೊತ್ತಲ್ಲೇ, ಅವರ ಮಹಾಪ್ರವಾದಿ ಮೋಸೆಸ್ ಹುಟ್ಟಿನಿಂದ ಯಹೂದಿಯೇ ಅಲ್ಲ ಅಂತ ಪುಸ್ತಕ ತರಬೇಕಿತ್ತಾ? ತಮ್ಮವರೇ ಬಿದ್ದಿರುವಾಗ ಇನ್ನೊಂದು ಏಟು. ಜೀವ ಉಳಿಸಿಕೊಂಡು ಬಂದಮೇಲೆ ಸುಮ್ನೆ ಇರಬಹುದಿತ್ತಲ್ಲ?’

ಮೇಷ್ಟ್ರೇ, ನಿಮ್ಮ ಮಾತಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ನೀವು ಈಗ ಕೇಳಿದ್ದನ್ನೇ 1938ರಲ್ಲಿ ಅಬ್ರಹಾಂ ಯಹೂದಾ ಎಂಬ ಬೈಬಲ್ ವಿದ್ವಾಂಸ ಫ್ರಾಯ್ಡನ ಮನೆಗೇ ಬಂದು ಕೇಳಿಕೊಂಡಿದ್ದ. ವಿಜ್ಞಾನದ ಇತಿಹಾಸ ಬರೆಯುತ್ತಿದ್ದ ಚಾರ್ಲ್ಸ್ ಸಿಂಗರ್ ಕೂಡ ಬೇಡ ಅಂದಿದ್ದ. ಅವರ ಸಂಕಟ ಸುಳ್ಳಲ್ಲ. ಪುಸ್ತಕದಲ್ಲಿರುವ ಇತಿಹಾಸವೂ ಅಷ್ಟು ಗಟ್ಟಿ ಅಲ್ಲ. ಮೋಸೆಸ್ ಈಜಿಪ್ಟಿನವನು, ಅವನ ಹಿಂದೆ ಹೋದವರೇ ಅವನನ್ನು ಕೊಂದರು ಅನ್ನುವ ವಾದವನ್ನು ಇತಿಹಾಸಕಾರರು ಹೆಚ್ಚುಕಡಿಮೆ ಯಾರೂ ಒಪ್ಪಲಿಲ್ಲ. ಸರಿ, ನಿಮ್ಮ ಕಡೆಯ ಮಾತು ಆಯಿತು.

ಈಗ ನೀವು ಮರೆತ ಒಂದು ಸಂಗತಿ. ಆ ಮುದುಕ ಸುಮ್ಮನಿದ್ದು ನೋಡಿದ್ದ! ಪುಸ್ತಕದ ಮೊದಲ ಕರಡು ಬರೆದದ್ದು 1934ರಲ್ಲಿ, ವಿಯೆನ್ನಾದಲ್ಲೇ. ಎರಡು ಭಾಗಗಳು 1937ರಲ್ಲಿ ಅವನದೇ ಪತ್ರಿಕೆ ‘ಇಮಾಗೊ’ದಲ್ಲಿ ಅಚ್ಚಾದವು. ಮೂರನೆಯದನ್ನು, ಅಂದರೆ ಧರ್ಮದ ಬುಡಕ್ಕೇ ಕೈ ಹಾಕುವ ಭಾಗವನ್ನು, ಅವನು ಮೇಜಿನೊಳಗೇ ಇಟ್ಟುಕೊಂಡ. ಕಾರಣವನ್ನು ಪುಸ್ತಕದಲ್ಲೇ ಹೇಳಿದ್ದಾನೆ. ಆಸ್ಟ್ರಿಯಾಕ್ಕೆ ನಾಜಿಗಳಿಂದ ರಕ್ಷಣೆ ಇದ್ದರೆ ಅದು ಕ್ಯಾಥೊಲಿಕ್ ಚರ್ಚಿನಿಂದ, ಅದನ್ನು ಕೆಣಕಿದರೆ ನಮ್ಮ ಮನೋವಿಶ್ಲೇಷಣೆಯ ಕೆಲಸಕ್ಕೇ ಬೀಗ ಬೀಳುತ್ತದೆ ಅನ್ನುವ ಹೆದರಿಕೆ. ಈಗ ಬೇಡ, ಆಮೇಲೆ ನೋಡೋಣ ಅಂದುಕೊಂಡ. ನೀವು ಹೇಳುವ ವಿವೇಕ ಇದೇ ಅಲ್ವಾ?

1938ರ ಮಾರ್ಚ್ 12ರಂದು ಜರ್ಮನ್ ಸೈನ್ಯ ಆಸ್ಟ್ರಿಯಾದ ಒಳಗೆ ಬಂತು. ರಕ್ಷಣೆ ಕೊಡಬೇಕಿದ್ದ ಕ್ಯಾಥೊಲಿಕ್ ಚರ್ಚಿನ ಹಿರಿಯ, ವಿಯೆನ್ನಾದ ಕಾರ್ಡಿನಲ್ ಇನ್ನಿಟ್ಸರ್ ಹಿಟ್ಲರನಿಗೆ ಓಟು ಹಾಕಿ ಅಂತ ತನ್ನ ಜನಕ್ಕೆ ಹೇಳಿದ. ಅದೇ ವಾರ ನಾಜಿ ಪುಂಡರು ಫ್ರಾಯ್ಡನ ಮನೆಗೆ ನುಗ್ಗಿ ದುಡ್ಡು ದೋಚಿದರು. ಮಾರ್ಚ್ 22ಕ್ಕೆ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊದವರು ಮಗಳು ಅನ್ನಾಳನ್ನು ವಿಚಾರಣೆಗೆ ಕರೆದೊಯ್ದರು. ಅವಳು ಸಂಜೆ ವಾಪಸ್ ಬಂದಳು ನಿಜ, ಆದರೆ ಹಿಂಸೆ ಕೊಟ್ಟರೆ ಇರಲಿ ಅಂತ ಸಾಯುವಷ್ಟು ನಿದ್ದೆ ಔಷಧಿ ಜೊತೆಗಿಟ್ಟುಕೊಂಡೇ ಹೋಗಿದ್ದಳು. ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ಉಳಿದದ್ದು ಏನು, ಹೇಳಿ.

ಊರು ಬಿಡುವುದೂ ಸುಲಭ ಇರಲಿಲ್ಲ. ಅಟ್ಟುವವರೇ ತೆರಿಗೆ ಕೇಳಿದರು, ಸುಮಾರು 31,000 ಮಾರ್ಕ್. ಬ್ಯಾಂಕಿನ ದುಡ್ಡು ಮುಟ್ಟುವಂತಿಲ್ಲ. ಅವನ ಶಿಷ್ಯೆ, ರಾಜಮನೆತನದ ಮರೀ ಬೊನಾಪಾರ್ಟ್ ಕಟ್ಟಿದಳು. ಲಂಡನ್ನಿನಲ್ಲಿದ್ದ ಶಿಷ್ಯ ಅರ್ನೆಸ್ಟ್ ಜೋನ್ಸ್ ಅಲ್ಲಿಯ ಅಧಿಕಾರಿಗಳ ಬೆನ್ನು ಹತ್ತಿ ಪರವಾನಗಿ ತಂದ. 47 ವರ್ಷ ಬಾಳಿದ ಬೆರ್ಗ್‌ಗಾಸೆ 19ನೇ ನಂಬರಿನ ಮನೆಯಿಂದ ಜೂನ್ 4ಕ್ಕೆ ಹೊರಟ ಫ್ರಾಯ್ಡ್ ಪ್ಯಾರಿಸ್ ಮೇಲೆ ಹಾದು ಜೂನ್ 6ಕ್ಕೆ ಲಂಡನ್ ಸೇರಿದ. ವಯಸ್ಸಾದ ನಾಲ್ವರು ತಂಗಿಯರು ಹಿಂದೆಯೇ ಉಳಿದರು. ನಾಲ್ವರನ್ನೂ 1942ರಲ್ಲಿ ನಾಜಿಗಳು ಕ್ಯಾಂಪುಗಳಿಗೆ ಸಾಗಿಸಿದರು. ಯಾರೂ ಬದುಕಿ ಬರಲಿಲ್ಲ. ಅಷ್ಟು ಹೊತ್ತಿಗೆ ಅಣ್ಣ ತೀರಿಕೊಂಡಿದ್ದ, ಅವನಿಗೆ ಇದು ಗೊತ್ತಾಗಲಿಲ್ಲ.

ಲಂಡನ್ನಿನವರು ಅವನನ್ನು ಚೆನ್ನಾಗಿಯೇ ನೋಡಿಕೊಂಡರು. ನ್ಯೂಟನ್, ಡಾರ್ವಿನ್ ರುಜು ಇರುವ, ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಪುಸ್ತಕವನ್ನು ಅವನ ಸಹಿಗೆ ಮನೆಗೇ ತಂದರು. ಚಿತ್ರಕಾರ ಸಾಲ್ವಡಾರ್ ಡಾಲಿ, ಲೇಖಕರಾದ ಎಚ್.ಜಿ. ವೆಲ್ಸ್, ವರ್ಜೀನಿಯಾ ವುಲ್ಫ್ ಬಂದುಹೋದರು. ಮೇರ್ಸ್‌ಫೀಲ್ಡ್ ಗಾರ್ಡನ್ಸಿನ ಮನೆಯಲ್ಲಿ ಅವನ ಹಳೇ ವಿಗ್ರಹಗಳನ್ನು ವಿಯೆನ್ನಾದಲ್ಲಿ ಹೇಗಿದ್ದವೋ ಹಾಗೇ ಜೋಡಿಸಿದರು. ಅದರಲ್ಲಿ ದಂತದ ವಿಷ್ಣು ಒಬ್ಬನಿದ್ದ ಮೇಷ್ಟ್ರೇ, ಇದು ನಿಮಗೆ ಖುಷಿ ಕೊಡಬಹುದು. ಕಲ್ಕತ್ತಾದಲ್ಲಿ 1922ರಲ್ಲೇ ಮನೋವಿಶ್ಲೇಷಣೆಯ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸರ ಕಡೆಯಿಂದ 75ನೇ ಹುಟ್ಟುಹಬ್ಬಕ್ಕೆ ಹೋದ ಕಾಣಿಕೆ.

ನಮ್ಮಲ್ಲಾದರೆ ಇಷ್ಟಕ್ಕೇ ಕಥೆ ಮುಗಿಯುತ್ತಿತ್ತು. ವಯಸ್ಸಾದ ಲೇಖಕನಿಗೆ ಒಂದು ಮೈಸೂರು ಪೇಟ, ಒಂದು ಶಾಲು, ಹಣ್ಣಿನ ಬುಟ್ಟಿ, ಫೋಟೋ. ಆಮೇಲೆ ‘ಇನ್ನೇನು ಬರೀತೀರಿ, ರಾಮಾ ಕೃಷ್ಣಾ ಅಂತ ಆರಾಮಾಗಿರಿ’ ಅನ್ನುವ ಉಪದೇಶ. ಶಾಲು ಹೊದಿಸಿದವರಲ್ಲಿ ಆತನ ಹೊಸ ಪುಸ್ತಕ ಕೊಂಡವರು ಎಷ್ಟು ಜನ ಅಂತ ಕೇಳಬೇಡಿ.

ಫ್ರಾಯ್ಡ್ ಆರಾಮಾಗಿ ಕೂರಲಿಲ್ಲ. ಬಂದ ಎರಡು ತಿಂಗಳೊಳಗೆ ಮೂರನೇ ಭಾಗ ಮುಗಿಸಿ ಆಮ್‌ಸ್ಟರ್‌ಡಾಮಿನಲ್ಲಿ ಜರ್ಮನ್ ಪುಸ್ತಕ ಹೊರಬರುವಂತೆ ಮಾಡಿದ. ಸೆಪ್ಟೆಂಬರಿನಲ್ಲಿ ದವಡೆಗೆ ಮತ್ತೊಂದು ದೊಡ್ಡ ಆಪರೇಷನ್. 1923ರಿಂದ ಲೆಕ್ಕ ಹಾಕಿದರೆ 30ಕ್ಕೂ ಜಾಸ್ತಿ ಆಗಿದ್ದವು. ತಲೆ ಮಂಕಾಗುತ್ತದೆ ಅಂತ ಕೊನೆಯ ದಿನಗಳವರೆಗೂ ಆಸ್ಪಿರಿನ್‌ಗಿಂತ ಹೆಚ್ಚಿನ ನೋವಿನ ಔಷಧಿ ಬೇಡ ಅನ್ನುತ್ತಿದ್ದ. 1939ರ ಬೇಸಿಗೆಯವರೆಗೂ ರೋಗಿಗಳನ್ನು ನೋಡಿದ. ಸೆಪ್ಟೆಂಬರ್ 23ಕ್ಕೆ, ಯುದ್ಧ ಶುರುವಾಗಿ ಮೂರು ವಾರಕ್ಕೆ, ಹೋದ.

ಇನ್ನೊಂದು ಹೇಳಲೇಬೇಕು, ಯಾಕೆಂದರೆ ಇದು ನನ್ನಂಥ ಸಂಪಾದಕರಿಗೆ ಸಂಬಂಧಪಟ್ಟದ್ದು. 1938ರ ನವೆಂಬರಿನಲ್ಲಿ ಲಂಡನ್ನಿನ ‘ಟೈಮ್ ಅಂಡ್ ಟೈಡ್’ ಪತ್ರಿಕೆಯ ಸಂಪಾದಕಿ ಯಹೂದಿ ದ್ವೇಷದ ಬಗ್ಗೆ ವಿಶೇಷ ಸಂಚಿಕೆಗೆ ಲೇಖನ ಕೇಳಿದಳು. ಅವನು ಲೇಖನ ಕೊಡಲಿಲ್ಲ, ಕಾಗದ ಬರೆದ. ನಾಲ್ಕನೇ ವಯಸ್ಸಿಗೆ ವಿಯೆನ್ನಾಕ್ಕೆ ಬಂದೆ, 78 ವರ್ಷ ದುಡಿದಮೇಲೆ ಮನೆ ಬಿಡಬೇಕಾಯಿತು, ಕಟ್ಟಿದ ಸಂಸ್ಥೆ ಹೋಯಿತು, ಪ್ರಕಾಶನ ಹೋಯಿತು, ಮಕ್ಕಳ ಕೆಲಸ ಹೋಯಿತು; ಇದರ ಬಗ್ಗೆ ನನಗಿಂತ ಯಹೂದಿಗಳಲ್ಲದವರು, ಇಷ್ಟು ಹತ್ತಿರದಿಂದ ಪೆಟ್ಟು ತಿನ್ನದವರು ಮಾತಾಡಬೇಕಲ್ಲವೇ ಅಂತ ಕೇಳಿದ. ಒಂದೇ ಹಾಳೆಯಲ್ಲಿ ಅವರ ಇಡೀ ವಿಶೇಷ ಸಂಚಿಕೆಯ ಬೆವರಿಳಿಸಿಬಿಟ್ಟ. ಅಂಥ ಕಾಗದ ಬಂದರೆ ನಾನು ಮುಖಪುಟಕ್ಕೇ ಹಾಕುತ್ತೇನೆ.

ನೋಡಿ, ಎಲ್ಲಿ ಸುಮ್ಮನಿರಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ತನ್ನ ದುಃಖದ ಬಗ್ಗೆ ಸುಮ್ಮನಿದ್ದ. ಯೋಚನೆ ಮಾಡಿ ಕಂಡುಕೊಂಡದ್ದರ ಬಗ್ಗೆ ಸುಮ್ಮನಿರಲಿಲ್ಲ. ತನ್ನ ಜನ ಹೆಮ್ಮೆಯಿಂದ ಕಾಣುವ ಮಹಾಪುರುಷನನ್ನು ಅವರಿಂದ ಕಿತ್ತುಕೊಳ್ಳುವುದು, ಅದೂ ತಾನೇ ಅವರಲ್ಲೊಬ್ಬನಾಗಿ, ಸಂತೋಷದ ಕೆಲಸ ಅಲ್ಲ ಅಂತ ಪುಸ್ತಕದ ಮೊದಲ ಸಾಲಲ್ಲೇ ಬರೆದಿದ್ದಾನೆ.

ನಮ್ಮ ಕಚೇರಿಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ‘ಇದನ್ನು ಈಗ ಹಾಕಬೇಕಿತ್ತಾ ಸಾರ್?’ ಅಂತಲೇ. ಚುನಾವಣೆ ಹತ್ತಿರ ಇದೆ, ಈಗ ಬೇಡ. ಜಾತ್ರೆ ಇದೆ, ಈಗ ಬೇಡ. ಸ್ವಾಮಿಗಳಿಗೆ ಹುಷಾರಿಲ್ಲ, ಈಗಂತೂ ಬೇಡವೇ ಬೇಡ. ಬರೆದದ್ದು ಸುಳ್ಳು ಅಂತ ಹೇಳಿದವರು ಕಡಿಮೆ. ಯಾವಾಗ ಹಾಕಲಿ ಅಂತ ತಿರುಗಿ ಕೇಳಿದರೆ ಫೋನ್ ಇಟ್ಟುಬಿಡುತ್ತಾರೆ.

ಅಂದಹಾಗೆ, ನಿಮ್ಮ ಕಾಗದದ ಕೊನೆಗೆ ಸಣ್ಣಕ್ಷರದಲ್ಲಿ ಒಂದು ಸಾಲಿದೆ. ನಿಮ್ಮೂರ ದೇವಸ್ಥಾನದ ಚರಿತ್ರೆ ಬರೆದಿಟ್ಟಿದ್ದೀರಂತೆ, ಮನೆಯ ಹಿರಿಯರು ‘ನಮ್ಮ ಕಾಲ ಆದಮೇಲೆ ಅಚ್ಚು ಮಾಡು’ ಅಂದರಂತೆ. ನಿಮಗೇ ಎಪ್ಪತ್ತೆರಡು ಅಂತಲೂ ಬರೆದಿದ್ದೀರಿ. ಟೈಪ್ ಮಾಡಿಸಿ ಕಳಿಸಿ, ಇಲ್ಲದಿದ್ದರೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದರೂ ಸಾಕು. ತುಂಬಾ ಉದ್ದವಾದರೆ ಕತ್ತರಿ ಹಾಕುವ ಹಕ್ಕು ನನ್ನದು.

— ಸಂ.