ಬಂದೂಕು ಕಾನೂನು ಬಿಗಿಯಾಗಬೇಕೆಂದು ಅಮೆರಿಕದ ಪೊಲೀಸರೇ ಕೇಳುತ್ತಾರೆಯೇ? ಹಾಗಿದ್ದರೆ ಶೆರಿಫ್‌ಗಳು ವಿರೋಧಿಸುವುದೇಕೆ?

ಹೌದು, ಕೇಳುತ್ತಾರೆ. ಆದರೆ ಎಲ್ಲರೂ ಅಲ್ಲ. ಪೊಲೀಸ್ ಮುಖ್ಯಸ್ಥರು ಬೇರೆ, ಶೆರಿಫ್‌ಗಳು ಬೇರೆ. ನಗರದ ಪೊಲೀಸ್ ಮುಖ್ಯಸ್ಥರನ್ನು ಸಾಮಾನ್ಯವಾಗಿ ಮೇಯರ್ ಅಥವಾ ನಗರಾಡಳಿತ ನೇಮಿಸುತ್ತದೆ. ಶೆರಿಫ್ ಕೌಂಟಿಯ ಅಧಿಕಾರಿ, ಹೆಚ್ಚಿನ ಕಡೆಗಳಲ್ಲಿ ಮತ ಕೇಳಿ ಗೆದ್ದು ಬಂದವರು. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ. ಮನೆಮನೆಯಲ್ಲೂ ಬೇಟೆಯ ಬಂದೂಕು ಇರುವ ಹಳ್ಳಿಗಾಡಿನ ಕೌಂಟಿಯಲ್ಲಿ ಬಂದೂಕಿನ ಮೇಲೆ ಕಟ್ಟುಪಾಡು ಬೇಕೆಂದ ಶೆರಿಫ್ ಮುಂದಿನ ಚುನಾವಣೆಯನ್ನು ಮರೆಯಬೇಕಾದೀತು.

ಇನ್ನೊಂದು ವ್ಯತ್ಯಾಸವೂ ಇದೆ. ಬೆಂಗಳೂರಿನಲ್ಲಿ ಬಂದೂಕಿನ ಪರವಾನಗಿ ಕೊಡುವವರು ಪೊಲೀಸ್ ಕಮಿಷನರ್. ಚುನಾವಣೆ ಬಂತೆಂದರೆ ಪರವಾನಗಿ ಇದ್ದವರಿಗೂ ಬಂದೂಕನ್ನು ಠಾಣೆಗೆ ತಂದೊಪ್ಪಿಸಿ ಎಂಬ ಸೂಚನೆ ಹೋಗುತ್ತದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಬಂದೂಕು ಕೊಳ್ಳಲು ಪೊಲೀಸರ ಅನುಮತಿಯೇ ಬೇಕಿಲ್ಲ. ಆದ್ದರಿಂದ ಅಲ್ಲಿನ ಪೊಲೀಸ್ ಮುಖ್ಯಸ್ಥರು ಶಾಸನಸಭೆಯ ಮುಂದೆ ನಿಂತು ಕೇಳಿಕೊಳ್ಳಬೇಕಾಗುತ್ತದೆ.

ನಾನು ಹನ್ನೊಂದು ವರ್ಷಗಳಿಂದ ಅಮೆರಿಕದ ಕೊಲರಾಡೊ ರಾಜ್ಯದಲ್ಲಿದ್ದೇನೆ. ನಮ್ಮ ಊರಿನ ಪೊಲೀಸರು ನಾಗರಿಕರಿಗಾಗಿ ನಡೆಸುವ ಸಂಜೆ ತರಗತಿಗೆ ಒಮ್ಮೆ ಸೇರಿಕೊಂಡಿದ್ದೆ. ಒಂದು ಸಂಜೆ ಸಾರ್ಜೆಂಟ್ ಒಬ್ಬರು ಹಳೆಯ ಗುಂಡುನಿರೋಧಕ ಕವಚವೊಂದನ್ನು ಮೇಜಿನ ಮೇಲೆ ಹರಡಿದರು. ಅಭ್ಯಾಸದ ಮೈದಾನದಲ್ಲಿ ಅವರೇ ಗುಂಡು ಹೊಡೆದು ನೋಡಿದ್ದ ಕವಚ ಅದು. ಎದೆಯ ಭಾಗದಲ್ಲಿ ಮೂರು ಗಂಟುಗಳಿದ್ದವು, ಪಿಸ್ತೂಲಿನ ಗುಂಡುಗಳು ಪದರದೊಳಗೇ ಚಪ್ಪಟೆಯಾಗಿ ಸಿಕ್ಕಿಕೊಂಡಿದ್ದವು. ಅವುಗಳ ಪಕ್ಕದಲ್ಲಿ ಒಂದು ಸಣ್ಣ ತೂತು. ಕವಚವನ್ನು ತಿರುಗಿಸಿದರೆ ಹಿಂಬದಿಯಲ್ಲೂ ಅದೇ ತೂತು, ಸುತ್ತ ನಾರು ಬಿಟ್ಟುಕೊಂಡಿತ್ತು. ಅದು ಎಆರ್-15 ರೈಫಲ್ಲಿನದು. "ನಾನು ದಿನವೂ ಅಂಗಿಯೊಳಗೆ ತೊಡುವುದು ಇಂಥದ್ದನ್ನೇ" ಎಂದರು. ಹಾಗಾದರೆ ಆ ರೈಫಲ್ಲನ್ನು ನಿಷೇಧಿಸಬೇಕೇ ಎಂದು ಕೇಳಿದೆ. ತಮ್ಮ ಮನೆಯಲ್ಲೂ ಒಂದಿದೆ, ನಿಷೇಧ ಬೇಡ, ಆದರೆ ತಲೆ ಸ್ಥಿಮಿತದಲ್ಲಿಲ್ಲದವನ ಕೈಯಿಂದ ಅದನ್ನು ತೆಗೆದಿಡುವ ಅಧಿಕಾರ ನಮಗೆ ಬೇಕೇ ಬೇಕು ಎಂದರು. ಅವರ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆಯಾಯಿತು. ಆದರೆ ಕೆಳಹಂತದ ಪೊಲೀಸರಲ್ಲಿ ಇಂಥ ನಿಲುವಿನವರು ಬಹಳ ಮಂದಿ ಇದ್ದಾರೆ ಎಂಬುದನ್ನು ನೀವು ತಿಳಿದಿರಬೇಕು.

ಅವರು ಹೇಳಿದ ಆ ಅಧಿಕಾರಕ್ಕೆ ಇಲ್ಲಿ ರೆಡ್ ಫ್ಲ್ಯಾಗ್ ಕಾನೂನು ಎನ್ನುತ್ತಾರೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇರುವುದು ಇದರ ಕಥೆಯಲ್ಲಿಯೇ. 2017ರ ಡಿಸೆಂಬರ್ 31ರ ಬೆಳಗಿನ ಜಾವ ಇಲ್ಲಿನ ಡೆನ್ವರ್ ನಗರದ ಸಮೀಪದ ಡಗ್ಲಸ್ ಕೌಂಟಿಯಲ್ಲಿ ಮಾನಸಿಕವಾಗಿ ಕುಸಿದಿದ್ದ ಒಬ್ಬಾತ ತನ್ನ ಮನೆಯೊಳಗಿನಿಂದ ಪೊಲೀಸರ ಮೇಲೆ ನೂರಕ್ಕೂ ಹೆಚ್ಚು ಗುಂಡು ಹಾರಿಸಿದ. ಝ್ಯಾಕರಿ ಪ್ಯಾರಿಶ್ ಎಂಬ 29 ವರ್ಷದ ಡೆಪ್ಯುಟಿ (ಶೆರಿಫ್‌ನ ಕೈಕೆಳಗಿನ ಪೊಲೀಸ್) ಸತ್ತರು. ಅವರ ಮೇಲಧಿಕಾರಿ ಶೆರಿಫ್ ಟೋನಿ ಸ್ಪರ್ಲಾಕ್ ರಿಪಬ್ಲಿಕನ್ ಪಕ್ಷದವರು, ಬಂದೂಕಿನ ಹಕ್ಕಿನ ಪರ ಇರುವ ಪಕ್ಷ ಅದು. ಆದರೂ ರೆಡ್ ಫ್ಲ್ಯಾಗ್ ಕಾನೂನು ಬೇಕೆಂದು ಅವರು ಬಹಿರಂಗವಾಗಿ ನಿಂತರು, ಸ್ವಪಕ್ಷೀಯರ ಸಿಟ್ಟಿಗೂ ಗುರಿಯಾದರು. ಬೋಲ್ಡರ್ ಕೌಂಟಿಯ ಶೆರಿಫ್ ಜೋ ಪೆಲ್ ಕೂಡ ಅವರ ಜೊತೆಗೂಡಿದರು. ಅಂದು ಗಾಯಗೊಂಡ ಡೆಪ್ಯುಟಿಗಳಲ್ಲಿ ಪೆಲ್ ಅವರ ಮಗನೂ ಒಬ್ಬ.

2018ರಲ್ಲಿ ಮಸೂದೆ ಬಿದ್ದುಹೋಯಿತು. 2019ರಲ್ಲಿ ಪ್ಯಾರಿಶ್ ಅವರ ಹೆಸರಿನಲ್ಲೇ ಅಂಗೀಕಾರವಾಯಿತು. ಆಗಿನ ಕಾನೂನಿನಂತೆ ಮನೆಯವರು ಅಥವಾ ಪೊಲೀಸರು ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದಿತ್ತು, 2023ರಲ್ಲಿ ಈ ಪಟ್ಟಿ ಇನ್ನಷ್ಟು ಬೆಳೆಯಿತು. ಅಪಾಯವಿದೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಮೊದಲು ಹದಿನಾಲ್ಕು ದಿನಗಳವರೆಗೆ, ವಿಚಾರಣೆಯ ನಂತರ 364 ದಿನಗಳವರೆಗೆ ಆ ವ್ಯಕ್ತಿಯ ಬಂದೂಕುಗಳನ್ನು ತೆಗೆದಿಡಬಹುದು. ಆದರೆ ವೆಲ್ಡ್ ಕೌಂಟಿಯ ಶೆರಿಫ್ ಸ್ಟೀವ್ ರೀಮ್ಸ್, ಈ ಕಾನೂನನ್ನು ಜಾರಿ ಮಾಡುವುದಕ್ಕಿಂತ ತಾನೇ ಜೈಲಿಗೆ ಹೋಗುತ್ತೇನೆ ಎಂದರು. ಎದುರು ಪಕ್ಷದ ಮಾತು ಕೇಳದೆಯೇ ಒಬ್ಬನ ಆಸ್ತಿಯನ್ನು ಕಿತ್ತುಕೊಂಡಂತಾಗುತ್ತದೆ ಎಂಬುದು ಅವರ ವಾದ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಮೊದಲ ಆದೇಶ ನಿಜಕ್ಕೂ ಏಕಪಕ್ಷೀಯವೇ. ಆದರೆ ಸತ್ತವರನ್ನು ಹೂಳುವುದಕ್ಕಿಂತ ಹದಿನಾಲ್ಕು ದಿನ ಕಾಯುವುದು ಲೇಸು ಎಂದು ನನಗನ್ನಿಸುತ್ತದೆ. ಎಲ್ ಪಾಸೊ ಎಂಬ ಇನ್ನೊಂದು ಕೌಂಟಿಯ ಆಡಳಿತವೂ ಈ ಕಾನೂನನ್ನು ವಿರೋಧಿಸಿತ್ತು. ಅಲ್ಲಿನ ಕೊಲರಾಡೊ ಸ್ಪ್ರಿಂಗ್ಸ್ ನಗರದ ಕ್ಲಬ್ ಒಂದರಲ್ಲಿ 2022ರ ನವೆಂಬರ್‌ನಲ್ಲಿ ಐವರನ್ನು ಕೊಂದ ವ್ಯಕ್ತಿ, ಹಿಂದಿನ ವರ್ಷವಷ್ಟೇ ಬಾಂಬ್ ಬೆದರಿಕೆ ಪ್ರಕರಣದಲ್ಲಿ ಬಂಧನವಾಗಿದ್ದ. ಅವನ ವಿರುದ್ಧ ಯಾರೂ ಅರ್ಜಿ ಹಾಕಿರಲಿಲ್ಲ. ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ನಗರಗಳ ಪೊಲೀಸ್ ಮುಖ್ಯಸ್ಥರ ವಿಷಯಕ್ಕೆ ಬಂದರೆ ದನಿ ಇನ್ನೂ ಗಟ್ಟಿ. 2016ರ ಜುಲೈನಲ್ಲಿ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನ ಮೆರವಣಿಗೆಯೊಂದರಲ್ಲಿ ಐವರು ಪೊಲೀಸರ ಹತ್ಯೆಯಾಯಿತು. ಮೆರವಣಿಗೆಯಲ್ಲಿ ಕೆಲವರು ಹೆಗಲಿಗೆ ರೈಫಲ್ ಹಾಕಿಕೊಂಡೇ ಬಂದಿದ್ದರು, ಅಲ್ಲಿ ಅದು ಕಾನೂನುಬದ್ಧ. ಗುಂಡು ಹಾರಿದಾಗ ಕೊಲೆಗಾರ ಯಾರು, ಸುಮ್ಮನೆ ಬಂದೂಕು ಹೊತ್ತವರು ಯಾರು ಎಂದು ತಿಳಿಯುವುದೇ ಕಷ್ಟ ಎಂದು ಅಂದಿನ ಮುಖ್ಯಸ್ಥ ಡೇವಿಡ್ ಬ್ರೌನ್ ಹೇಳಿದರು. ಐದು ವರ್ಷಗಳ ಬಳಿಕ ಅದೇ ಟೆಕ್ಸಾಸ್, ಪರವಾನಗಿಯೇ ಇಲ್ಲದೆ ಕೈಬಂದೂಕು ಒಯ್ಯಲು ಬಿಡುವ ಕಾನೂನು ತಂದಿತು. ಡಲ್ಲಾಸ್‌ನ ಹೊಸ ಮುಖ್ಯಸ್ಥ ಎಡ್ಡಿ ಗಾರ್ಸಿಯಾ ವಿರೋಧಿಸಿದರು, ಶಾಸಕರು ಕೇಳಲಿಲ್ಲ.

ಟೆಕ್ಸಾಸ್‌ನದೇ ಹ್ಯೂಸ್ಟನ್ ನಗರದ್ದು ಇನ್ನೊಂದು ಬಗೆ. 2019ರ ಡಿಸೆಂಬರ್‌ನಲ್ಲಿ, ಗೆಳತಿಯ ಮೇಲೆ ಹಲ್ಲೆ ನಡೆದಿದೆ ಎಂಬ ಕರೆಗೆ ಓಡಿದ್ದ ಸಾರ್ಜೆಂಟ್ ಒಬ್ಬರು ಗುಂಡೇಟಿಗೆ ಬಲಿಯಾದರು. ಕೇಂದ್ರದ ಕಾನೂನಿನಂತೆ ಹೆಂಡತಿಯನ್ನು ಹೊಡೆದು ಶಿಕ್ಷೆಯಾದವನಿಗೆ ಬಂದೂಕು ಇಟ್ಟುಕೊಳ್ಳಲು ಆಗುವುದಿಲ್ಲ. ಜೊತೆಯಲ್ಲಿ ವಾಸವಿರದ ಗೆಳತಿಯನ್ನು ಹೊಡೆದವನಿಗೆ ಆ ತಡೆ ಇರಲಿಲ್ಲ. ಅಂದಿನ ಮುಖ್ಯಸ್ಥ ಆರ್ಟ್ ಅಸೆವೆಡೊ ಸೆನೆಟರ್‌ಗಳ ಹೆಸರು ಹಿಡಿದೇ ಈ ಬಿರುಕನ್ನು ಮುಚ್ಚದೆ ಬಿಟ್ಟಿದ್ದೇಕೆ ಎಂದು ಕೇಳಿದರು. ಅವರದೇ ಇಲಾಖೆಯ ನೌಕರರ ಸಂಘ ಅವರನ್ನು ಟೀಕಿಸಿತು.

ಆ ಬಿರುಕು ಬಹುಮಟ್ಟಿಗೆ ಮುಚ್ಚಿದ್ದು 2022ರ ಜೂನ್‌ನಲ್ಲಿ ಬಂದ ಕೇಂದ್ರದ ಕಾಯ್ದೆಯಿಂದ, ಟೆಕ್ಸಾಸ್‌ನ ಯುವಾಲ್ಡಿಯ ಶಾಲೆಯಲ್ಲಿ ಗುಂಡಿನ ದಾಳಿಗೆ 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತ ಒಂದು ತಿಂಗಳ ನಂತರ. ಪೊಲೀಸರ ಅತಿ ದೊಡ್ಡ ಸಂಘಟನೆಯಾದ ಫ್ರೆಟರ್ನಲ್ ಆರ್ಡರ್ ಆಫ್ ಪೊಲೀಸ್ ಕೂಡ ಆ ಕಾಯ್ದೆಯನ್ನು ಬೆಂಬಲಿಸಿತು. ಆದರೆ ಖಾಸಗಿಯಾಗಿ ಕೈಬದಲಾಗುವ ಬಂದೂಕಿಗೂ ಕೊಳ್ಳುವವನ ಹಿನ್ನೆಲೆ ತಪಾಸಣೆ ಆಗಲೇಬೇಕು, 1994ರಿಂದ 2004ರವರೆಗೆ ಜಾರಿಯಲ್ಲಿದ್ದ ಎಆರ್-15ರಂಥ ದಾಳಿ ರೈಫಲ್‌ಗಳ ನಿಷೇಧ ಮತ್ತೆ ಬರಬೇಕು ಎಂಬ ಪೊಲೀಸ್ ಮುಖ್ಯಸ್ಥರ ಅಂತರರಾಷ್ಟ್ರೀಯ ಸಂಘದ ಬೇಡಿಕೆಗಳಿಗೆ ಅದರಲ್ಲಿ ಜಾಗ ಸಿಗಲಿಲ್ಲ.