ಸಂಪಾದಕರ ಉತ್ತರ: ರಕ್ತದ ದೋಷ ಅಲ್ಲ ಮಾರಾಯ್ರೆ

ಕುಂಬಳೆಯಿಂದ ಪತ್ರ ಬರೆದವರಿಗೆ ನಮಸ್ಕಾರ. ಕೊರೋನಾ ಕಾಲದಲ್ಲಿ ಇಂಗ್ಲೆಂಡಿನ ಏಷ್ಯಾ, ಆಫ್ರಿಕಾ ಮೂಲದವರು ಜಾಸ್ತಿ ಸತ್ತ ಬಗ್ಗೆ ನಾವು ಹಾಕಿದ ಲೇಖನ ಓದಿ, "ವೈರಸ್ಸಿಗೆ ಬಣ್ಣ ಎಂತ ಗೊತ್ತು, ಅವರ ರಕ್ತದಲ್ಲೇ ಎಂತದೋ ದೋಷ ಇರ್ಬೇಕು, ಅದನ್ನು ಅನ್ಯಾಯ ಅಂತ ಯಾಕೆ ಬರೀತೀರಿ" ಅಂತ ಕೇಳಿದ್ದೀರಿ.

ವೈರಸ್ಸಿಗೆ ಗೊತ್ತಿಲ್ಲ, ಒಪ್ಪಿದೆ. ರಕ್ತದ ಮಾತು ಮಾತ್ರ ನಿಲ್ಲುದಿಲ್ಲ. 2020ರ ಜೂನಲ್ಲಿ ಅಲ್ಲಿನ ಸರಕಾರದ ಆರೋಗ್ಯ ಸಂಸ್ಥೆ ಕೊಟ್ಟ ವರದಿಯಲ್ಲಿ ವಯಸ್ಸು, ಬಡತನ, ಊರು ಎಲ್ಲ ಲೆಕ್ಕಕ್ಕೆ ಹಿಡಿದು ನೋಡಿದ್ರೂ ಬಾಂಗ್ಲಾದೇಶ ಮೂಲದವರಿಗೆ ಸಾಯುವ ಅಪಾಯ ಬಿಳಿ ಬ್ರಿಟಿಷರ ಸುಮಾರು ಎರಡರಷ್ಟು ಇತ್ತು. ಎರಡನೇ ಅಲೆ ಬಂತು, ಆಫ್ರಿಕಾ ಮೂಲದವರ ಅಪಾಯ ತುಂಬ ಇಳಿಯಿತು, ಬಾಂಗ್ಲಾ, ಪಾಕಿಸ್ತಾನ ಮೂಲದವರದ್ದು ಇಳಿಯಲಿಲ್ಲ. ಕೆಲವೇ ತಿಂಗಳಲ್ಲಿ ಯಾರ ರಕ್ತ ಬದಲಾಗ್ತದೆ ಹೇಳಿ? ಟ್ಯಾಕ್ಸಿ ಓಡಿಸುವವನಿಗೆ, ಹೋಟ್ಲಲ್ಲಿ ಅಡಿಗೆ ಮಾಡುವವನಿಗೆ ಮನೇಲಿ ಕೂತು ಸಂಬಳ ಬರುದಿಲ್ಲ, ಸಂಜೆ ಮನೆಗೆ ಬಂದ್ರೆ ಅದೇ ಸಣ್ಣ ಜಾಗದಲ್ಲಿ ಅಜ್ಜ ಅಜ್ಜಿ ಮಕ್ಕಳು ಎಲ್ಲ ಒಟ್ಟಿಗೆ. ಒಂದೇ ರೂಮಲ್ಲಿ ಎಂಟು ಮಂದಿ ಮಲಗುವ ನಮ್ಮ ಗಲ್ಫ್ ಹುಡುಗರನ್ನು ನೋಡಿದ ಊರಿಗೆ ಇದನ್ನೆಲ್ಲ ಬಿಡಿಸಿ ಹೇಳ್ಬೇಕಾ!

ಮತ್ತೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ಮರ್ತುಹೋಯ್ತಾ ನಿಮಗೆ? 2020ರ ಮಾರ್ಚಲ್ಲಿ ಗಡಿ ದಾರಿಗಳಿಗೆ ಮಣ್ಣು ಸುರಿದು ಬಂದ್ ಮಾಡಿದ್ರು, ಡಯಾಲಿಸಿಸ್ಸಿಗೂ ಹೆರಿಗೆಗೂ ಮಂಗಳೂರನ್ನೇ ನಂಬಿದ ಕಾಸರಗೋಡಿನ ನಾವು ಈಚೆ, ಆಸ್ಪತ್ರೆ ಆಚೆ, ಗಡಿ ದಾಟ್ಲಿಕ್ಕೆ ಆಗದೆ ಜೀವ ಬಿಟ್ಟವರಿದ್ರು. ಆಮೇಲೆ ಲಸಿಕೆ ಬಂತು, ಆದ್ರೆ ಅದನ್ನು ಬುಕ್ ಮಾಡುವ ಕೋವಿನ್ ವೆಬ್‌ಸೈಟಿಗೆ ಕನ್ನಡ ಬಂದದ್ದು 2021ರ ಜೂನಲ್ಲಿ. ಅಷ್ಟರವರೆಗೆ ನಮ್ಮ ಅತ್ತೆ ಪಕ್ಕದ ಮನೆ ಹುಡುಗನಿಗೇ ಕಾಯ್ತಿದ್ರು.

ಲೇಖನದಲ್ಲಿ ನಾವು ಬಿಟ್ಟದ್ದೂ ಒಂದುಂಟು, ಅದು ನಮ್ಮ ತಪ್ಪು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಉಂಟಲ್ಲ, ಅದು ಚರ್ಮದ ಮೂಲಕ ಬೆಳಕು ಬಿಟ್ಟು ರಕ್ತದಲ್ಲಿ ಆಕ್ಸಿಜನ್ ಎಷ್ಟುಂಟು ಅಂತ ಅಳೆಯುದು, ಚರ್ಮ ಕಪ್ಪಾದ್ರೆ ಲೆಕ್ಕ ತಪ್ತದೆ. ಅಮೆರಿಕದ ಡಾಕ್ಟ್ರುಗಳು 2020ರ ಡಿಸೆಂಬರಲ್ಲಿ ತೋರಿಸಿದ್ದು, ಮೀಟರು 92ರಿಂದ 96 ಅಂತ ಹೇಳ್ತಿರುವಾಗಲೇ ರಕ್ತ ತೆಗೆದು ನೋಡಿದ್ರೆ 88ಕ್ಕಿಂತ ಕೆಳಗೆ ಇದ್ದದ್ದು ಬಿಳಿಯರಲ್ಲಿ ನೂರಕ್ಕೆ ಸುಮಾರು 4 ಸಲ, ಕಪ್ಪು ಜನರಲ್ಲಿ ಸುಮಾರು 12 ಸಲ. ಅಂದ್ರೆ "ನಿಮಗೆ ಎಂತ ಇಲ್ಲ, ಮನೆಗೆ ಹೋಗಿ" ಅಂತ ಕಳಿಸಿದವರಲ್ಲಿ ಯಾರು ಜಾಸ್ತಿ ಇರ್ಬಹುದು, ನೀವೇ ಯೋಚನೆ ಮಾಡಿ.

ನಮ್ಮದೂ ಬಿಳಿ ಚರ್ಮ ಅಲ್ಲ ನೋಡಿ. ಆ ಮೀಟರು ನಿಮ್ಮ ಮನೆ ಕಪಾಟಲ್ಲಿ ಇನ್ನೂ ಇದ್ರೆ ಇರ್ಲಿ, ಆದ್ರೆ ಏದುಸಿರು ಬರುವಾಗ ನಂಬರು ಒಳ್ಳೆದುಂಟು ಅಂತ ಕೂರ್ಬೇಡಿ, ಡಾಕ್ಟ್ರ ಹತ್ರ ಹೋಗಿ.